ಜಿಲ್ಲಾ ತಂಡಕ್ಕೆ ಸೇರದ ಹುಡುಗ, 400 ಕಿಲೋಮೀಟರ್ ದೂರದ ಹಾಕಿ ಶಾಲೆ

ಪ್ರಶ್ನೆ

ನಮಸ್ಕಾರ ಸರ್. ನಾನು ಹಾಸನದವಳು, ನಮ್ಮನೆಯವರು ಕೊಡಗಿನವರು. ಹನ್ನೆರಡು ವರ್ಷದಿಂದ ಸ್ವೀಡನ್‌ನ ಒಂದು ಸಣ್ಣ ಊರಿನಲ್ಲಿದ್ದೇವೆ. ಮಗ ಹುಟ್ಟಿದ್ದು ನವೆಂಬರ್ ಕೊನೆಯಲ್ಲಿ. ಈಗ ಒಂಬತ್ತನೇ ಕ್ಲಾಸು, ಇನ್ನೂ 15 ತುಂಬಿಲ್ಲ. ಐದನೇ ವಯಸ್ಸಿನಿಂದ ಐಸ್ ಹಾಕಿ ಆಡುತ್ತಾನೆ. 12 ವರ್ಷದವರೆಗೆ ತಂಡದಲ್ಲಿ ಇವನೇ ಮುಂದು. ಆಮೇಲೆ ಜೊತೆಯ ಹುಡುಗರೆಲ್ಲ ಅಡಿಕೆ ಮರದ ಹಾಗೆ ಬೆಳೆದುಬಿಟ್ಟರು. ಇವನು 160 ಸೆಂಟಿಮೀಟರ್, 47 ಕೆ.ಜಿ. ಈ ವರ್ಷ ಟಿವಿ-ಪುಕ್ಕೆನ್ ಪಂದ್ಯಾವಳಿಗೆ ಹೋಗುವ ಜಿಲ್ಲಾ ತಂಡದಲ್ಲಿ ಹೆಸರು ಬರಲಿಲ್ಲ. ಅವತ್ತು ಕಿಟ್ ಬ್ಯಾಗನ್ನು ಬಾಗಿಲಲ್ಲೇ ಬಿಟ್ಟು, ಊಟ ಮಾಡದೆ ಮಲಗಿದ. ಆಟಗಾರರ ಸಲಹೆಗಾರ ಅಂತ ಹೇಳಿಕೊಂಡು ಒಬ್ಬರು ಫೋನ್ ಮಾಡುತ್ತಿದ್ದಾರೆ. 400 ಕಿಲೋಮೀಟರ್ ದೂರದ, ದೊಡ್ಡ ಕ್ಲಬ್ಬಿನ ಹಾಕಿ ಜಿಮ್ನಾಸಿಯಂಗೆ (ಓದಿನ ಜೊತೆ ಹಾಕಿಯೂ ಇರುವ ಇಲ್ಲಿನ ಪಿಯುಸಿಗೆ) ಸೇರಿಸಿ, ಈ ವರ್ಷ ಬಿಟ್ಟರೆ ಮುಗೀತು ಅನ್ನುತ್ತಾರೆ. ಜೊತೆಗೆ ಮಂಡಿ ಕೆಳಗೆ ನೋವು ಅಂತಾನೆ. ಕೋಚ್ ‘ಬೆಳೆಯುವಾಗ ಬರೋ ನೋವು’ ಅಂದು ಸುಮ್ಮನಾದರು. ಅತ್ತೆ ಊರಿಂದ ‘ಓದೋ ಹುಡುಗನ್ನ ಯಾಕೆ ಮಂಜಲ್ಲಿ ಕೆಡಿಸ್ತೀರಾ’ ಅಂತಾರೆ. ನಮ್ಮನೆಯವರು ಕೊಡವ ಕುಟುಂಬಗಳ ಹಾಕಿ ಹಬ್ಬ ನೋಡುತ್ತಾ ಬೆಳೆದವರು, ಬಿಡಿಸೋಕೆ ಒಪ್ಪಲ್ಲ. ಈ ಚಳಿಗಾಲದಲ್ಲೇ ಶಾಲೆ ಆರಿಸಬೇಕು. ಏನು ಮಾಡಲಿ?

ಉತ್ತರ

ನಿಮ್ಮ ಪತ್ರದಲ್ಲಿ ನಾಲ್ಕೈದು ಪ್ರಶ್ನೆಗಳಿವೆ. ಆದರೆ ಎಲ್ಲದರ ಹಿಂದೆ ನನಗೆ ಕಂಡ ಭಯ ಒಂದೇ: ಹುಡುಗನ ಹೊತ್ತು ಮೀರಿಹೋಯಿತಾ? ಮೀರಿಲ್ಲ. ಯಾಕೆ ಅಂತ ಹೇಳುವ ಮೊದಲು ಮಂಡಿ ನೋಡೋಣ. ನಾನು ಕೋಚ್ ಅಲ್ಲ, ಆಟಗಾರರನ್ನು ಹುಡುಕುವ ಸ್ಕೌಟ್ ಅಲ್ಲ. ಸ್ವೀಡನ್‌ನಲ್ಲಿ ಜೂನಿಯರ್ ಹಾಕಿ ಹುಡುಗರ ಮಂಡಿ, ಸೊಂಟ, ತೊಡೆಸಂದು ನೋಡುತ್ತಾ ಬಂದ ಫಿಸಿಯೋ. ನಿಮ್ಮ ಪಟ್ಟಿಯಲ್ಲಿ ಈ ವಾರವೇ ಮಾಡಬೇಕಾದ ಕೆಲಸ ಅಂದರೆ ಅದೊಂದೇ.

ಹುಡುಗನನ್ನು ಕೂರಿಸಿ. ಮಂಡಿಚಿಪ್ಪಿನಿಂದ ಎರಡು ಬೆರಳು ಕೆಳಗೆ ಒಂದು ಉಬ್ಬು ಇರುತ್ತದೆ. ಅದನ್ನು ಒತ್ತಿದರೆ ‘ಅಯ್ಯೋ’ ಅಂತಾನಾ? ಮೆಟ್ಟಿಲು ಹತ್ತುವಾಗ, ಮಂಡಿಯೂರಿ ಕೂತಾಗ ನೋವು ಜಾಸ್ತಿನಾ? ಹಾಗಿದ್ದರೆ ಅದು ಬಹುತೇಕ ಓಸ್‌ಗುಡ್-ಶ್ಲಾಟರ್. ಹೆಸರು ಮಾತ್ರ ದೊಡ್ಡದು. ತೊಡೆಯ ಮುಂದಿನ ಸ್ನಾಯು ಒಂದು ಗಟ್ಟಿ ಪಟ್ಟಿಯಾಗಿ ಕೆಳಗಿಳಿದು ಆ ಉಬ್ಬಿಗೆ ಅಂಟಿಕೊಂಡಿರುತ್ತದೆ. ಬೆಳೆಯುವ ವಯಸ್ಸಿನಲ್ಲಿ ಆ ಜಾಗದ ಮೂಳೆ ಇನ್ನೂ ಪೂರ್ತಿ ಗಟ್ಟಿಯಾಗಿರುವುದಿಲ್ಲ. ಮೂಳೆ ಉದ್ದವಾಗುವಷ್ಟು ಬೇಗ ಸ್ನಾಯು ಉದ್ದವಾಗುವುದಿಲ್ಲ. ಎಳೆತ ಜಾಸ್ತಿಯಾಗುತ್ತದೆ, ನೋಯುತ್ತದೆ. ಕೋಚ್ ಹೇಳಿದ್ದು ಅರ್ಧ ಸರಿ. ಇದು ಬೆಳೆಯುವಾಗ ಬರುವ ನೋವೇ. ಆದರೆ ‘ಹಾಗಾಗಿ ಏನೂ ಮಾಡೋದು ಬೇಡ’ ಅನ್ನುವುದು ತಪ್ಪು.

ಆಟ ಪೂರ್ತಿ ನಿಲ್ಲಿಸುವುದೂ ಬೇಡ. ಹತ್ತಕ್ಕೆ ಮೂರು ಅನ್ನುವಷ್ಟು ನೋವಿದ್ದು ಮರುದಿನ ಬೆಳಿಗ್ಗೆಗೆ ಇಳಿದರೆ ಆಡಲಿ. ಅದಕ್ಕಿಂತ ಜಾಸ್ತಿಯಾದರೆ ಐಸ್ ಮೇಲಿನ ತರಬೇತಿ ಇರಲಿ, ಜಿಗಿತ ಮತ್ತು ಭಾರದ ಸ್ಕ್ವಾಟ್ ಕೆಲವು ವಾರ ಬಿಡಲಿ. ತಿಂಗಳುಗಟ್ಟಲೆ ಬಂದು ಹೋಗುತ್ತದೆ, ಬೆಳವಣಿಗೆ ನಿಂತ ಮೇಲೆ ಸಾಮಾನ್ಯವಾಗಿ ತಾನೇ ಅಡಗುತ್ತದೆ. ಆದರೆ ಮಂಡಿ ಪೂರ್ತಿ ಊದಿದರೆ, ರಾತ್ರಿ ನೋವಿಗೆ ಎಚ್ಚರವಾದರೆ, ಮಂಡಿ ಸಿಕ್ಕಿಹಾಕಿಕೊಂಡಂತಾದರೆ, ಕುಂಟಿದರೆ ಕಾಯಬೇಡಿ, ಡಾಕ್ಟರ ಹತ್ತಿರ ಹೋಗಿ. ಇನ್ನೊಂದು ಮಾತನ್ನು ಹೆತ್ತವರಿಗೆಲ್ಲ ಹೇಳುತ್ತೇನೆ: ಈ ವಯಸ್ಸಿನಲ್ಲಿ ಮಂಡಿ ನೋವು ಕೆಲವೊಮ್ಮೆ ಸೊಂಟದಿಂದ ಬಂದಿರುತ್ತದೆ. ತೊಡೆಮೂಳೆಯ ತಲೆ ಜಾಗ ಬಿಟ್ಟು ಜಾರುವ ಕಾಯಿಲೆಯೊಂದಿದೆ. ಅಪರೂಪ, ಆದರೆ ತಡವಾದರೆ ಕೆಟ್ಟದ್ದು. ಅದಕ್ಕೇ ನೋಡುವವರು ಮಂಡಿಯ ಜೊತೆ ಸೊಂಟವನ್ನೂ ತಿರುಗಿಸಿ ನೋಡಬೇಕು. ನೋಡದಿದ್ದರೆ ನೀವೇ ಕೇಳಿ.

ನೀವು ಕೊಟ್ಟ ಎತ್ತರ, ತೂಕದ ಜೊತೆ ಈ ನೋವನ್ನು ಇಟ್ಟು ನೋಡಿದರೆ ನನ್ನ ಅಂದಾಜು ಬೇರೆಯೇ. ಹುಡುಗನ ದೊಡ್ಡ ಬೆಳವಣಿಗೆ ಈಗಷ್ಟೇ ಶುರುವಾಗುತ್ತಿರಬಹುದು. ಆಯ್ಕೆಯ ವಿಷಯಕ್ಕೆ ಬೇಕಾದ ಎಳೆ ಇಲ್ಲೇ ಸಿಗುತ್ತದೆ.

ಟಿವಿ-ಪುಕ್ಕೆನ್ ಎಂಥದ್ದು ಅಂತ ಗೊತ್ತಿಲ್ಲದ ಓದುಗರಿಗೆ ಎರಡು ಮಾತು. 1959ರಿಂದ ನಡೆಯುತ್ತಿರುವ ಜಿಲ್ಲಾ ತಂಡಗಳ ಹುಡುಗರ ಪಂದ್ಯಾವಳಿ ಇದು. ಟಿವಿಯಲ್ಲಿ ಬರುತ್ತದೆ, ಹಾಗಾಗಿ ಆ ಹೆಸರು. ಸ್ವೀಡನ್‌ನ ದೊಡ್ಡ ಆಟಗಾರರಲ್ಲಿ ಎಷ್ಟೋ ಜನ ಇದರಲ್ಲಿ ಆಡಿದ್ದಾರೆ. ಅದಕ್ಕೇ ಆ ವಯಸ್ಸಿನ ಮಕ್ಕಳಿರುವ ಮನೆಗಳಲ್ಲಿ ಇದೊಂದು ಎಸ್ಸೆಸ್ಸೆಲ್ಸಿ ಫಲಿತಾಂಶದ ಹಾಗೆ ಆಗಿಬಿಟ್ಟಿದೆ. ಪಟ್ಟಿ ಬಂದ ದಿನ ಕೆಲವು ಮನೆಯಲ್ಲಿ ಕೇಕ್, ಕೆಲವು ಮನೆಯಲ್ಲಿ ಮೌನ.

ಆ ವರ್ಷ 15 ತುಂಬುವ ಹುಡುಗರು ಇಲ್ಲಿ ಆಡುತ್ತಾರೆ. ಗುಂಪು ಕಟ್ಟುವುದು ಜನವರಿ 1ರಿಂದ ಡಿಸೆಂಬರ್ 31ರ ಲೆಕ್ಕದಲ್ಲಿ. ಅಂದರೆ ನಿಮ್ಮ ಮಗ ಸ್ಪರ್ಧಿಸಿದ್ದು ತನಗಿಂತ ಹತ್ತು ಹನ್ನೊಂದು ತಿಂಗಳು ದೊಡ್ಡವರ ಜೊತೆ. ಈ ಹುಟ್ಟಿದ ತಿಂಗಳ ಆಟ ಹೊಸದೇನಲ್ಲ. ಕೆನಡಾದ ಹಾಕಿಯಲ್ಲಿ 1980ರ ದಶಕದಲ್ಲೇ ಇದನ್ನು ಎಣಿಸಿ ತೋರಿಸಿದ್ದಾರೆ. ಆಯ್ದ ತಂಡಗಳಲ್ಲಿ ವರ್ಷದ ಮೊದಲ ಮೂರು ತಿಂಗಳಲ್ಲಿ ಹುಟ್ಟಿದವರು ತುಂಬಿರುತ್ತಾರೆ, ಕೊನೆಯ ಮೂರು ತಿಂಗಳವರು ವಿರಳ. ಸ್ವೀಡನ್‌ನಲ್ಲೂ ಹಾಗೆಯೇ. ಮುಂದಿನ ಸಲ ಯಾವುದಾದರೂ ಜಿಲ್ಲಾ ತಂಡದ ಪಟ್ಟಿ ಸಿಕ್ಕರೆ ಹುಟ್ಟಿದ ದಿನಾಂಕದ ಮೇಲೆ ಬೆರಳಿಟ್ಟು ಎಣಿಸಿ ನೋಡಿ.

ಇದಕ್ಕಿಂತ ದೊಡ್ಡದು ಮೈಯ ವಯಸ್ಸು. ಪ್ರತಿ ಆಗಸ್ಟ್‌ನಲ್ಲಿ ನಾನು ಹುಡುಗರನ್ನು ಗೋಡೆಗೆ ಒರಗಿಸಿ ಅಳೆಯುತ್ತೇನೆ. ನಿಂತ ಎತ್ತರ, ಆಮೇಲೆ ಮಣೆಯ ಮೇಲೆ ಕೂರಿಸಿ ಕೂತ ಎತ್ತರ, ತೂಕ. ಒಂದೇ ವರ್ಷ ಹುಟ್ಟಿದ ಇಪ್ಪತ್ತು ಹುಡುಗರು. ಒಬ್ಬನಿಗೆ ಮೀಸೆ ಮೂಡಿದೆ, ದನಿ ಒಡೆದಿದೆ, ಶೂ ಸೈಜು 45. ಪಕ್ಕದವನ ಕೆನ್ನೆ ಇನ್ನೂ ಮಗುವಿನದು, ಶೂ 38. ಜೆರ್ಸಿ ಮೇಲೆ ಇಬ್ಬರಿಗೂ ಒಂದೇ ಹುಟ್ಟಿದ ವರ್ಷ. ಮೂಳೆಯ ಲೆಕ್ಕದಲ್ಲಿ ಇಬ್ಬರ ನಡುವೆ ನಾಲ್ಕು ವರ್ಷದ ಅಂತರ ಇದ್ದರೂ ಆಶ್ಚರ್ಯವಿಲ್ಲ. ಹುಡುಗರು ಅತಿ ವೇಗವಾಗಿ ಬೆಳೆಯುವುದು ಸರಾಸರಿ 14ರ ಆಸುಪಾಸಿನಲ್ಲಿ. ಆ ವರ್ಷ ಒಂಬತ್ತು ಹತ್ತು ಸೆಂಟಿಮೀಟರ್ ಎತ್ತರವಾಗುತ್ತಾರೆ. ಕೆಲವರಿಗೆ ಅದು 12ಕ್ಕೇ ಬರುತ್ತದೆ, ಕೆಲವರಿಗೆ 16ಕ್ಕೆ. ಮೊದಲು ಕಾಲು ಉದ್ದವಾಗುತ್ತದೆ, ಆಮೇಲೆ ಮುಂಡ. ಸ್ನಾಯು ತುಂಬಿಕೊಳ್ಳುವುದು ಅದರ ಹಿಂದಿನಿಂದ, ಕೆಲವು ತಿಂಗಳು ತಡವಾಗಿ.

ಐಸ್ ಹಾಕಿ ಡಿಕ್ಕಿಯ ಆಟ. ಅಂಗಳದ ಸುತ್ತಲ ಗೋಡೆಯ ಪಕ್ಕ ಪಕ್‌ಗಾಗಿ, ಅಂದರೆ ಚೆಂಡಿನ ಬದಲು ಇಲ್ಲಿರುವ ಬಿಲ್ಲೆಗಾಗಿ, ಇಬ್ಬರು ಜಗ್ಗಾಡುವಾಗ 70 ಕೆ.ಜಿ.ಯವನು 47 ಕೆ.ಜಿ.ಯವನನ್ನು ಒರಗಿಸಿ ಹೋಗುತ್ತಾನೆ, ಅಷ್ಟೇ. ಆಯ್ಕೆದಾರರು ಕೆಟ್ಟವರಲ್ಲ. ಅವರಿಗೆ ಈ ಶರತ್ಕಾಲದಲ್ಲಿ ಗೆಲ್ಲುವ ತಂಡ ಬೇಕು. ಈ ಶರತ್ಕಾಲಕ್ಕೆ ಬೇಗ ಬೆಳೆದವನೇ ಉಪಯೋಗ. ಆ ಪಟ್ಟಿ ಈ ವರ್ಷಕ್ಕೆ ನಿಜ. 20ನೇ ವಯಸ್ಸಿನ ವಿಷಯದಲ್ಲಿ ಅದು ಹೇಳುವುದು ಕಡಿಮೆ.

ನವೆಂಬರ್ ಹುಟ್ಟಿದ ತಿಂಗಳಾಗಿದ್ದಕ್ಕೆ ಒಂದು ಸಣ್ಣ ಪರಿಹಾರವೂ ಇದೆ. ಎನ್‌ಎಚ್‌ಎಲ್ ಅಂದರೆ ಉತ್ತರ ಅಮೆರಿಕದ ದೊಡ್ಡ ಐಸ್ ಹಾಕಿ ಲೀಗ್; ಅಲ್ಲಿನ ತಂಡಗಳು ಸರದಿಯಲ್ಲಿ ಹೊಸ ಹುಡುಗರನ್ನು ಆರಿಸಿಕೊಳ್ಳುವುದೇ ಡ್ರಾಫ್ಟ್. ಅದರ ವಯಸ್ಸಿನ ಗೆರೆ ಡಿಸೆಂಬರ್ 31 ಅಲ್ಲ, ಸೆಪ್ಟೆಂಬರ್ 15. ಆ ದಿನದೊಳಗೆ 18 ತುಂಬಿದವರು ಆ ವರ್ಷದ ಡ್ರಾಫ್ಟ್‌ಗೆ. ಅಂದರೆ ಇದೇ ವರ್ಷ ಜನವರಿಯಲ್ಲಿ ಹುಟ್ಟಿದವನಿಗಿಂತ ನಿಮ್ಮ ಮಗನಿಗೆ ಒಂದು ಪೂರ್ತಿ ವರ್ಷ ಜಾಸ್ತಿ ಸಿಗುತ್ತದೆ. ಕಾರ್ಲ್‌ಸ್ಟಾಡ್‌ನ ಲಿಯೋ ಕಾರ್ಲ್‌ಸನ್ ಹುಟ್ಟಿದ್ದು 2004ರ ಡಿಸೆಂಬರ್ 26ರಂದು. ಸ್ವೀಡನ್‌ನ ಹುಡುಗರ ಹಾಕಿಯಲ್ಲಿ ತನ್ನ ವರ್ಷದ ಬಹುತೇಕ ಎಲ್ಲರಿಗಿಂತ ಚಿಕ್ಕವನು. 2023ರ ಡ್ರಾಫ್ಟ್‌ಗೆ ಬಂದಾಗ ಅದೇ ಹುಡುಗ ದೊಡ್ಡವರ ಸಾಲಿನಲ್ಲಿದ್ದ. ಅನಾಹೈಮ್ ತಂಡ ಅವನನ್ನು ಎರಡನೆಯವನಾಗಿ ಆರಿಸಿಕೊಂಡಿತು. ಅವನು ಸಣ್ಣ ಆಳಲ್ಲ, ಹಾಗಾಗಿ ನಿಮ್ಮ ಮಗನಿಗೆ ಪೂರ್ತಿ ಹೋಲಿಕೆಯಾಗುವುದಿಲ್ಲ. ಗೆರೆ ಎಲ್ಲಿ ಎಳೆಯುತ್ತಾರೆ ಅನ್ನುವುದರ ಮೇಲೆ ‘ಚಿಕ್ಕವನು’ ‘ದೊಡ್ಡವನು’ ಎಷ್ಟು ಬದಲಾಗುತ್ತದೆ ನೋಡಿ ಅಂತ ಹೇಳಿದೆ.

ಇಲ್ಲಿಗೆ ನಿಲ್ಲಿಸಿ ಹೆನ್ರಿಕ್ ಲುಂಡ್‌ಕ್ವಿಸ್ಟ್ ಕಥೆ ಹೇಳಿ ನಿಮ್ಮನ್ನು ಸಮಾಧಾನ ಮಾಡುವುದು ಸುಲಭ. 2000ದ ಡ್ರಾಫ್ಟ್‌ನಲ್ಲಿ 205ನೆಯವನು, ಆಮೇಲೆ ಜಗತ್ತಿನ ಉತ್ತಮ ಗೋಲ್‌ಕೀಪರ್‌ಗಳಲ್ಲಿ ಒಬ್ಬ. ಹೆನ್ರಿಕ್ ಸೆಟ್ಟರ್‌ಬರ್ಗ್ 1999ರಲ್ಲಿ 210ನೆಯವನು. ವಿಕ್ಟರ್ ಆರ್ವಿಡ್‌ಸನ್ ನಿಮ್ಮ ಮಗನಿಗೆ ಇನ್ನೂ ಹತ್ತಿರ. ಸುಮಾರು 175 ಸೆಂಟಿಮೀಟರ್ ಎತ್ತರ. ಮೂರು ಡ್ರಾಫ್ಟ್‌ಗಳಲ್ಲಿ ಯಾರೂ ಕೇಳಲಿಲ್ಲ. 2014ರಲ್ಲಿ, 21 ದಾಟಿದ ಮೇಲೆ, ನಾಲ್ಕನೇ ಸುತ್ತಿನಲ್ಲಿ ನ್ಯಾಶ್‌ವಿಲ್ ಆರಿಸಿಕೊಂಡಿತು. 2018-19ರಲ್ಲಿ 34 ಗೋಲು ಹೊಡೆದು, ಒಂದು ಋತುವಿನ ಗೋಲುಗಳಲ್ಲಿ ಆ ತಂಡದ ಅಲ್ಲಿವರೆಗಿನ ದಾಖಲೆ ಮುರಿದ.

ಈ ಕಥೆಗಳೆಲ್ಲ ನಿಜ. ಆದರೆ ಹೇಳುವಾಗ ನನಗೇ ಸ್ವಲ್ಪ ಸಂಕೋಚ. ತಡವಾಗಿ ಬೆಳೆದು ಎಲ್ಲಿಗೂ ತಲುಪದವರ ಬಗ್ಗೆ ಯಾರೂ ಬರೆಯುವುದಿಲ್ಲ, ಅಲ್ವಾ? ಡ್ರಾಫ್ಟ್‌ನಲ್ಲಿ ಈಗ ಏಳು ಸುತ್ತು, ಒಟ್ಟು 224 ಹೆಸರು. ಅದರಲ್ಲಿ ಸ್ವೀಡನ್‌ನವರು ಸಾಮಾನ್ಯವಾಗಿ 20-30. ಆರಿಸಿಕೊಂಡ ಮೇಲೂ ಎಷ್ಟೋ ಜನ ಒಂದು ಎನ್‌ಎಚ್‌ಎಲ್ ಪಂದ್ಯವನ್ನೂ ಆಡುವುದಿಲ್ಲ. ಎತ್ತರದ ವಿಷಯದಲ್ಲೂ ನೇರವಾಗಿ ಹೇಳಿಬಿಡುತ್ತೇನೆ. ಅಪ್ಪ ಅಮ್ಮನ ಎತ್ತರ ಕೂಡಿಸಿ, 13 ಸೇರಿಸಿ, ಎರಡರಿಂದ ಭಾಗಿಸಿ. ಅಪ್ಪ 172, ಅಮ್ಮ 158 ಅಂದುಕೊಂಡರೆ 171 ಅಥವಾ 172 ಬರುತ್ತದೆ. ಎಂಟು ಹತ್ತು ಸೆಂಟಿಮೀಟರ್ ಆಚೀಚೆ ಆಗಬಹುದು. ತಡವಾಗಿ ಬೆಳೆಯುವುದು ಅಂದರೆ ಕೊನೆಗೆ ಎಲ್ಲರಷ್ಟು ಎತ್ತರ ಆಗಿಯೇ ಆಗುತ್ತಾನೆ ಅಂತಲ್ಲ. ಶಾಲೆಯ ನರ್ಸ್ ಹತ್ತಿರ ಅವನ ಬೆಳವಣಿಗೆಯ ಗ್ರಾಫ್ ಇರುತ್ತದೆ, ಕೇಳಿ ನೋಡಿ. ಗೆರೆ ತನ್ನ ದಾರಿಯಲ್ಲೇ ಸಾಗಿದ್ದರೆ ಚಿಂತೆ ಇಲ್ಲ. ಚಪ್ಪಟೆಯಾಗಿದ್ದರೆ, 15 ಸಮೀಪಿಸಿದರೂ ಪ್ರಾಯದ ಯಾವ ಗುರುತೂ ಕಾಣದಿದ್ದರೆ, ಮಕ್ಕಳ ಡಾಕ್ಟರಿಗೆ ಒಮ್ಮೆ ತೋರಿಸಿ.

ಸಣ್ಣ ಹುಡುಗ ನಿಜವಾಗಿ ಸೋಲುವುದು ಆಯ್ಕೆಯ ದಿನದಲ್ಲಲ್ಲ, ಅದಾದ ಮೇಲಿನ ತಿಂಗಳುಗಳಲ್ಲಿ. ಕೋಚ್ ಅವನನ್ನು ಮೂರನೇ, ನಾಲ್ಕನೇ ಲೈನಿಗೆ, ಅಂದರೆ ಕಡಿಮೆ ಹೊತ್ತು ಆಡುವ ಗುಂಪಿಗೆ, ಹಾಕುತ್ತಾರೆ. ಎದುರಾಳಿಯೊಬ್ಬ ಶಿಕ್ಷೆಯಾಗಿ ಹೊರಗೆ ಕೂತಿರುವ ಪವರ್‌ಪ್ಲೇಯಲ್ಲಿ ಕರೆಯುವುದಿಲ್ಲ. ಒಂದು ಸಲ ಐಸ್‌ಗೆ ಇಳಿದರೆ 40-45 ಸೆಕೆಂಡ್, ಆಮೇಲೆ ಬೆಂಚು. ಆ 45 ಸೆಕೆಂಡಿನಲ್ಲಿ ‘ತಪ್ಪು ಮಾಡಬೇಡ, ಪಕ್ ಸಿಕ್ಕ ತಕ್ಷಣ ಹೊರಗೆ ಹೊಡಿ’ ಅನ್ನುವುದೊಂದೇ ಪಾಠ. 12ರಲ್ಲಿ ಮೂವರನ್ನು ತಪ್ಪಿಸಿಕೊಂಡು ಹೋಗುತ್ತಿದ್ದವನು 15ರಲ್ಲಿ ಪಕ್ ಬಂದರೆ ಹೆದರುತ್ತಾನೆ. ಮೈ ಬೆಳೆದ ಮೇಲೆ ಆ ಕೈಚಳಕ ವಾಪಸ್ ಬರುತ್ತದೆ ಅನ್ನುವ ಹಾಗಿಲ್ಲ. ಅದಕ್ಕೇ ಕೋಚ್ ಹತ್ತಿರ ‘ಯಾಕೆ ಆಯ್ಕೆ ಆಗಲಿಲ್ಲ’ ಅಂತ ಕೇಳಬೇಡಿ. ‘ಮುಂದಿನ ಮೂರು ತಿಂಗಳು ಇವನಿಗೆ ಪಕ್ ಜೊತೆ ಆಡೋಕೆ ಎಲ್ಲಿ ಜಾಗ ಸಿಗುತ್ತೆ’ ಅಂತ ಕೇಳಿ. ಕೆಲವು ಪಂದ್ಯ ಕೆಳಗಿನ ವಯಸ್ಸಿನ ತಂಡದಲ್ಲಿ ಆಡಿಸಲು ಅನುಮತಿ ಸಿಗುತ್ತದಾ ಅಂತಲೂ ವಿಚಾರಿಸಬಹುದು. ಹುಡುಗನಿಗೆ ಮೊದಲು ಅವಮಾನ ಅನ್ನಿಸುತ್ತದೆ. ಎರಡು ಗೋಲು ಹೊಡೆದ ಮೇಲೆ ಮರೆಯುತ್ತಾನೆ.

ಸಾಮಾನುಗಳನ್ನೂ ಒಮ್ಮೆ ನೋಡಿ. ನಮ್ಮವರಲ್ಲಿ ಒಂದು ಅಭ್ಯಾಸ ಇದೆ: ‘ಬೆಳೆಯೋ ಹುಡುಗ, ಒಂದು ಸೈಜು ದೊಡ್ಡದೇ ಇರಲಿ.’ ಶಾಲೆಯ ಶೂಗೆ ಸರಿ. ಸ್ಕೇಟ್‌ಗೆ ಆಗದು. ಒಳಗೆ ಪಾದ ಆಡಿದರೆ ತಿರುವು ಕೈಕೊಡುತ್ತದೆ. ಸ್ಟಿಕ್ ವಿಷಯ ಇನ್ನೂ ಜನಕ್ಕೆ ಗೊತ್ತಿಲ್ಲ. ಅದರ ಮೇಲೆ ಫ್ಲೆಕ್ಸ್ ಅಂತ ಒಂದು ಸಂಖ್ಯೆ ಇರುತ್ತದೆ. ಸಂಖ್ಯೆ ಜಾಸ್ತಿಯಾದಷ್ಟೂ ಕೋಲು ಗಡುಸು. ಮೈ ತೂಕದ ಪೌಂಡ್ ಲೆಕ್ಕದ ಅರ್ಧ ಅನ್ನುವುದು ಒಂದು ಸುಮಾರು ಅಳತೆ. 47 ಕೆ.ಜಿ. ಅಂದರೆ 104 ಪೌಂಡ್, ಹಾಗಾಗಿ ಫ್ಲೆಕ್ಸ್ 50ರ ಹತ್ತಿರ. ದೊಡ್ಡವರ ಹಾಗೆ ಕಾಣಬೇಕು ಅಂತ 75ರ ಸ್ಟಿಕ್ ಹಿಡಿದು ಆಡುವ ಸಣ್ಣ ಹುಡುಗರನ್ನು ಎಷ್ಟೋ ನೋಡಿದ್ದೇನೆ. ಕೋಲು ಬಾಗುವುದೇ ಇಲ್ಲ, ಹೊಡೆತಕ್ಕೆ ಜೋರು ಬರುವುದಿಲ್ಲ. ಕೋಚ್ ಬರೆದುಕೊಳ್ಳುವುದು ‘ಶಾಟ್ ವೀಕ್’ ಅಂತ. ನಿಮ್ಮ ಮಗನ ಸ್ಟಿಕ್ ಮೇಲಿನ ಸಂಖ್ಯೆ ಇವತ್ತೇ ನೋಡಿ.

ಇನ್ನು ಆ ಫೋನ್ ಮಾಡುವವರು. ‘ಈ ವರ್ಷ ಬಿಟ್ಟರೆ ಮುಗೀತು’ ಅನ್ನುವುದು ಸುಳ್ಳು. ಅವರೆಲ್ಲ ಮೋಸಗಾರರು ಅಂತಲ್ಲ, ಒಳ್ಳೆಯ ಏಜೆಂಟರನ್ನೂ ನೋಡಿದ್ದೇನೆ. ಆದರೆ ಲೆಕ್ಕ ಅರ್ಥ ಮಾಡಿಕೊಳ್ಳಿ. ಹದಿನಾಲ್ಕರ ಹತ್ತು ಹುಡುಗರಿಗೆ ಫೋನ್ ಮಾಡಲು ಅವರಿಗೆ ಖರ್ಚಿಲ್ಲ. ಒಬ್ಬ ಮೇಲೆ ಬಂದರೂ ಲಾಭ. ಉಳಿದ ಒಂಬತ್ತು ಹುಡುಗರು ಎಲ್ಲಿ ಮಲಗಿದರು, ಏನು ತಿಂದರು ಅನ್ನುವುದು ಅವರ ತಲೆನೋವಲ್ಲ. ಯಾವ ಕಾಗದಕ್ಕೂ ಈಗ ಸಹಿ ಬೇಡ. 18 ತುಂಬದ ಹುಡುಗನ ಒಪ್ಪಂದಕ್ಕೆ ಹೆತ್ತವರ ಒಪ್ಪಿಗೆ ಬೇಕು. ಅಂದರೆ ಬೀಗದ ಕೈ ನಿಮ್ಮ ಕೈಯಲ್ಲೇ ಇದೆ.

ಊರಿನಲ್ಲಿರುವ ಅತ್ತೆಯವರಿಗಾಗಿ ಒಂದು ವಿವರಣೆ. ಜಿಮ್ನಾಸಿಯಂ ಅಂದರೆ ಗರಡಿಮನೆ ಅಲ್ಲ. ನಮ್ಮ ಪಿಯುಸಿ ಇದ್ದಂತೆ, ಆದರೆ ಮೂರು ವರ್ಷ. ಫೀಸ್ ಇಲ್ಲ. ವಿಜ್ಞಾನ, ಸಮಾಜಶಾಸ್ತ್ರ, ಅರ್ಥಶಾಸ್ತ್ರ ಎಲ್ಲ ಉಂಟು. ಕ್ರೀಡೆಗೆ ಮಾನ್ಯತೆ ಪಡೆದ ಶಾಲೆಗಳಲ್ಲಿ, ಇಲ್ಲಿ ಅವನ್ನು ಎನ್‌ಐಯು ಅನ್ನುತ್ತಾರೆ, ಹಾಕಿಯೂ ವೇಳಾಪಟ್ಟಿಯೊಳಗೇ ಬರುವ ಒಂದು ವಿಷಯ. ವಾರದಲ್ಲಿ ಕೆಲವು ಬೆಳಿಗ್ಗೆ ಐಸ್ ಮೇಲೆ, ಆಮೇಲೆ ಗಣಿತದ ಕ್ಲಾಸು, ಸಂಜೆ ಮತ್ತೆ ಕ್ಲಬ್ಬಿನ ತರಬೇತಿ. ಓದು ಬಿಟ್ಟು ಆಡುವುದಲ್ಲ, ಓದಿನ ಜೊತೆ ಆಡುವುದು. ಆದರೆ ಸುಸ್ತಾದ ಹುಡುಗ ಕಷ್ಟದ ವಿಷಯ ಬಿಟ್ಟು ಸುಲಭದ ವಿಷಯ ಆರಿಸಿಕೊಳ್ಳುತ್ತಾನೆ. ಅತ್ತೆಯವರ ಚಿಂತೆ ಪೂರ್ತಿ ಹಳೇ ಕಾಲದ್ದೇನಲ್ಲ.

ದೂರದ ದೊಡ್ಡ ಕ್ಲಬ್ಬಿಗೆ ಹೋದರೆ ಒಳ್ಳೆಯ ಕೋಚ್, ಒಳ್ಳೆಯ ಜಿಮ್, ಜೊತೆಗೆ ಆಡುವವರೂ ಚುರುಕು. ಆದರೆ ಅಲ್ಲಿ 16ಕ್ಕೆ ಅವನು ಬೀಳುವುದು ಜೆ18 ಅನ್ನುವ ಜೂನಿಯರ್ ಗುಂಪಿಗೆ, ತನಗಿಂತ ಹೆಚ್ಚುಕಡಿಮೆ ಎರಡು ವರ್ಷ ದೊಡ್ಡವರ ಜೊತೆ. ದೇಶದ ಮೂಲೆಮೂಲೆಯಿಂದ ಬೇಗ ಬೆಳೆದ ಹುಡುಗರನ್ನು ಅಲ್ಲಿಗೆ ತಂದಿರುತ್ತಾರೆ. ಇಲ್ಲಿ ಮೂರನೇ ಲೈನ್ ಆದವನು ಅಲ್ಲಿ ಗ್ಯಾಲರಿಯಲ್ಲಿ ಕೂತು ಪಂದ್ಯ ನೋಡುವ ಸಾಧ್ಯತೆಯೇ ಜಾಸ್ತಿ. ಸಂಜೆ ಒಬ್ಬನೇ ಒಂದು ರೂಮಿನಲ್ಲಿ. ಡಿಸೆಂಬರ್‌ನಲ್ಲಿ ಮಧ್ಯಾಹ್ನ ಮೂರಕ್ಕೆಲ್ಲ ಕತ್ತಲು. ಬೆವರಿನ ಬಟ್ಟೆ ಒಗೆಯಬೇಕು, ಅಡುಗೆ ಮಾಡಿಕೊಳ್ಳಬೇಕು. ಮೊದಲ ವರ್ಷ ಇಂಥ ಹುಡುಗರು ನನ್ನ ಹತ್ತಿರ ತೊಡೆಸಂದು ನೋವು ಅಂತ ಬರುತ್ತಾರೆ. ಅರ್ಧ ಗಂಟೆ ಮಾತಾಡಿಸಿದರೆ ಗೊತ್ತಾಗುತ್ತದೆ, ಮೂರು ವಾರದಿಂದ ರಾತ್ರಿ ಊಟ ಅಂದರೆ ಪಾಸ್ತಾ ಮತ್ತು ಕೆಚಪ್. ಒಬ್ಬ ಹುಡುಗನನ್ನು ಮರೆತಿಲ್ಲ. ನೋವೆಲ್ಲಿ ಅಂದರೆ ಒಂದೊಂದು ದಿನ ಒಂದೊಂದು ಜಾಗ ತೋರಿಸುತ್ತಿದ್ದ. ಕ್ರಿಸ್‌ಮಸ್‌ಗೆ ಮನೆಗೆ ಹೋದ, ಎಲ್ಲ ನೋವೂ ಹೋಯಿತು. ಜನವರಿಯಲ್ಲಿ ವಾಪಸ್ ಬರಲಿಲ್ಲ.

ಹಾಗಂತ ಬೇಗ ಹೋಗುವುದು ಎಲ್ಲರಿಗೂ ತಪ್ಪಲ್ಲ. ರಾಸ್ಮುಸ್ ಡಾಲೀನ್ ಲೀಡ್‌ಶೋಪಿಂಗ್‌ನಿಂದ ಫ್ರೋಲುಂಡಾ ಅನ್ನುವ ದೊಡ್ಡ ಕ್ಲಬ್ಬಿಗೆ ಹೋಗಿ 16ಕ್ಕೇ ಸ್ವೀಡನ್‌ನ ಮೇಲಿನ ಲೀಗಾದ ಎಸ್‌ಎಚ್‌ಎಲ್‌ನಲ್ಲಿ ಆಡಿದ, 2018ರ ಡ್ರಾಫ್ಟ್‌ನಲ್ಲಿ ಮೊದಲನೆಯವನು. ಅವನ ಮೈ, ಅವನ ಆಟ ಆಗಲೇ ಅದಕ್ಕೆ ತಯಾರಾಗಿತ್ತು. ಎಲಿಯಾಸ್ ಪೆಟ್ಟರ್‌ಸನ್ ದಾರಿ ಬೇರೆ. ಸಣಕಲ ಹುಡುಗ, ಓಂಗೆ ಅನ್ನುವ ಪುಟ್ಟ ಊರಿನವನು. ಅವನೂ ಊರು ಬಿಟ್ಟ, ಆದರೆ ಹೋದದ್ದು ಸುಮಾರು ನೂರು ಕಿಲೋಮೀಟರ್ ಆಚೆಯ ಟಿಮ್ರೋಗೆ. ಆಗ ಆ ತಂಡ ಎರಡನೇ ದರ್ಜೆಯ ಲೀಗಿನಲ್ಲಿತ್ತು. ಅಲ್ಲಿ ಆಡಲು ಜಾಗ ಸಿಕ್ಕಿತು. 2017ರಲ್ಲಿ ವ್ಯಾಂಕೂವರ್ ಐದನೆಯವನಾಗಿ ಆರಿಸಿತು. ಆಮೇಲೆ ವೆಕ್ಷೋ ತಂಡಕ್ಕೆ ಹೋಗಿ 44 ಪಂದ್ಯದಲ್ಲಿ, ಗೋಲು ಮತ್ತು ಗೋಲಿಗೆ ಕೊಟ್ಟ ನೆರವು ಸೇರಿ, 56 ಪಾಯಿಂಟ್ ಗಳಿಸಿದ. ಸ್ವೀಡನ್‌ನ ಮೇಲಿನ ಲೀಗಿನಲ್ಲಿ ಜೂನಿಯರ್ ಆಟಗಾರನೊಬ್ಬನ ದಾಖಲೆ 1975-76ರಿಂದ ಕೆಂಟ್ ನಿಲ್ಸನ್ ಹೆಸರಲ್ಲಿತ್ತು, ಅದು ಮುರಿಯಿತು. ಕ್ಲಬ್ಬಿನ ಹೆಸರಿಗಿಂತ ಅಲ್ಲಿ ಎಷ್ಟು ನಿಮಿಷ ಐಸ್ ಮೇಲೆ ಇರುತ್ತಾನೆ ಅಂತ ನಾನು ಕೇಳುವುದು ಇದಕ್ಕೇ.

ನಿಮಗೆ ನಡುವಿನ ದಾರಿ ಇದೆಯಾ ನೋಡಿ. ಬಸ್ಸು, ರೈಲಿನಲ್ಲಿ ಒಂದು ಗಂಟೆಯೊಳಗೆ ಮುಟ್ಟುವ ಊರಿನಲ್ಲಿ ಹಾಕಿ ಜಿಮ್ನಾಸಿಯಂ ಇದ್ದು, ಕ್ಲಬ್ ಅಷ್ಟು ದೊಡ್ಡದಲ್ಲದಿದ್ದರೆ, ನನ್ನ ಮೊದಲ ಆಯ್ಕೆ ಅದೇ. ರಾತ್ರಿ ಮನೆಯ ಊಟ, ಮನೆಯ ಹಾಸಿಗೆ. ತೊಂದರೆ ಅಂದರೆ ಪ್ರಯಾಣ ನಿದ್ದೆಯನ್ನು ತಿನ್ನುತ್ತದೆ. ಇಲ್ಲದಿದ್ದರೆ ಊರಿನಲ್ಲೇ ಸಾಮಾನ್ಯ ಜಿಮ್ನಾಸಿಯಂ ಸೇರಿ, ಈಗಿನ ಕ್ಲಬ್ಬಿನಲ್ಲೇ ಆಡಿ, 17-18ಕ್ಕೆ ಮೈ ತುಂಬಿದ ಮೇಲೆ ಜೆ18ರ ಮುಂದಿನ ಜೆ20 ತಂಡ ಹುಡುಕಬಹುದು. ಇದರಲ್ಲೂ ಅಪಾಯ ಇದೆ. ಸಣ್ಣ ಊರಿನ ಕ್ಲಬ್ಬಿನಲ್ಲಿ 16 ದಾಟಿದ ಮೇಲೆ ಹುಡುಗರು ಒಬ್ಬೊಬ್ಬರಾಗಿ ಆಟ ಬಿಡುತ್ತಾರೆ, ಕೆಲವೊಮ್ಮೆ ತಂಡವೇ ಉಳಿಯುವುದಿಲ್ಲ. ಮುಂದಿನ ಎರಡು ವರ್ಷ ಜೆ18 ತಂಡ ಇರುತ್ತದಾ ಅಂತ ಈಗಲೇ ಖಚಿತ ಮಾಡಿಕೊಳ್ಳಿ.

400 ಕಿಲೋಮೀಟರ್ ದಾರಿಯನ್ನೇ ಹಿಡಿಯುವುದಾದರೆ ಫೋನಿನಲ್ಲಿ ಮುಗಿಸಬೇಡಿ, ಹೋಗಿ ನೋಡಿ. ಪ್ರಿನ್ಸಿಪಾಲರ ಕೋಣೆ ಬೇಡ. ಮೊದಲ ವರ್ಷದ ಹುಡುಗರ ಜೊತೆ ಊಟಕ್ಕೆ ಕೂರಿ. ಹೋದ ವರ್ಷ ಸೇರಿದವರಲ್ಲಿ ಎಷ್ಟು ಜನ ಉಳಿದಿದ್ದಾರೆ ಕೇಳಿ. ಗಾಯವಾದರೆ ಯಾರು ನೋಡುತ್ತಾರೆ, ತಂಡದಿಂದ ಕೈಬಿಟ್ಟರೆ ಶಾಲೆಯಲ್ಲಿ ಸೀಟು ಉಳಿಯುತ್ತದಾ ಅನ್ನುವುದನ್ನು ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಮನೆ ಬಿಟ್ಟು ಓದುವವರಿಗೆ ವಸತಿ ಭತ್ಯೆ ಇದೆ. ಆದರೆ ಸರ್ಕಾರಿ ಶಾಲೆಗಾದರೆ ಅದನ್ನು ಕೊಡುವುದು ನಿಮ್ಮ ಮುನಿಸಿಪಾಲಿಟಿ, ಖಾಸಗಿ ಶಾಲೆಗಾದರೆ ಸಿಎಸ್‌ಎನ್ ಅನ್ನುವ ಸರ್ಕಾರದ ವಿದ್ಯಾರ್ಥಿ ನೆರವಿನ ಕಚೇರಿ. ಸಿಗುತ್ತದಾ ಅಂತ ಅರ್ಜಿ ಹಾಕುವ ಮೊದಲೇ ಕೇಳಿ.

ಊಟದ ವಿಷಯ ಬೇಗ ಮುಗಿಸುತ್ತೇನೆ. ಪ್ರೋಟೀನ್ ಪುಡಿಯ ಡಬ್ಬಿ ಬೇಡ. ಶಾಲೆಯ ಮಧ್ಯಾಹ್ನದ ಊಟ ಬಿಡದಿರಲಿ, ತರಬೇತಿಗೆ ಮೊದಲು ಏನಾದರೂ ಹೊಟ್ಟೆಗಿರಲಿ, ಮುಗಿಸಿ ಬಂದ ಮೇಲೆ ಮೊಟ್ಟೆ, ಮೀನು, ಮೊಸರನ್ನ, ಬೇಳೆ, ಏನು ಮಾಡಿದ್ದೀರೋ ಅದೇ, ಸ್ವಲ್ಪ ಜಾಸ್ತಿ. ಆದರೆ ಡಿ ವಿಟಮಿನ್ ಪರೀಕ್ಷೆ ಮಾಡಿಸಿ. ಇಲ್ಲಿ ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಬಿಸಿಲಿನಿಂದ ಅದು ಸಿಗುವುದೇ ಕಷ್ಟ. ನಮ್ಮ ಬಣ್ಣದ ಚರ್ಮಕ್ಕೆ ಬಿಸಿಲು ಇನ್ನೂ ಜಾಸ್ತಿ ಬೇಕು, ಅದರ ಮೇಲೆ ಹುಡುಗ ಸಂಜೆಯೆಲ್ಲ ಸೂರಿನ ಕೆಳಗೆ ಆಡುತ್ತಾನೆ. ನಿದ್ದೆ ಒಂಬತ್ತು ಗಂಟೆ. ಹುಡುಗರು ಬೆಳೆಯುವುದು ಅಲ್ಲೇ.

ನಿಮ್ಮ ಯಜಮಾನರಿಗೊಂದು ಮಾತು. ಬೇಸಿಗೆಯಲ್ಲೂ ಐಸ್ ಕ್ಯಾಂಪ್‌ಗೆ ಹಾಕುವ ಯೋಚನೆ ಇದ್ದರೆ ಬಿಡಿ. ಸ್ಕೇಟಿಂಗ್‌ನಲ್ಲಿ ಸೊಂಟ ಒಂದೇ ರೀತಿ ಬಾಗಿ ತಿರುಗುತ್ತಿರುತ್ತದೆ. ವೇಗವಾಗಿ ಬೆಳೆಯುವ ವರ್ಷಗಳಲ್ಲಿ ಅದು ಅತಿಯಾದರೆ ತೊಡೆಮೂಳೆಯ ಕುತ್ತಿಗೆಯಲ್ಲಿ ಉಬ್ಬು ಬೆಳೆಯಬಹುದು. ಹಾಕಿಯವರಲ್ಲಿ ಇದು ಬೇರೆಯವರಿಗಿಂತ ಜಾಸ್ತಿ. ನಂತರ ಸೊಂಟ ತಿರುಗಿಸಿದರೆ ಚುಚ್ಚುತ್ತದೆ. ಮೇಯಿಂದ ಜುಲೈವರೆಗೆ ಫುಟ್‌ಬಾಲ್, ಈಜು, ಸೈಕಲ್ ಏನಾದರೂ ಸರಿ. ರಜೆಗೆ ಕೊಡಗಿಗೆ ಹೋದರೆ ಅಣ್ಣತಮ್ಮಂದಿರ ಜೊತೆ ಮೈದಾನದ ಹಾಕಿ ಆಡಲಿ. ಹುಲ್ಲಿನ ಮೇಲೆ ಚೆಂಡು ಹಿಡಿದು ಓಡುವ ಕಣ್ಣು ಐಸ್ ಮೇಲೆ ವ್ಯರ್ಥ ಹೋಗದು.

ತಲೆಗೆ ಪೆಟ್ಟಿನ ವಿಷಯ ನೀವು ಕೇಳಿಲ್ಲ, ಆದರೂ ಹೇಳಬೇಕು, ಯಾಕೆಂದರೆ ಅವನು ದೊಡ್ಡವರ ನಡುವಿನ ಸಣ್ಣವನು. ಪೆಟ್ಟು ಬಿದ್ದು ತಲೆ ಸುತ್ತಿದರೆ, ಮಂಕಾದರೆ, ವಾಂತಿ ಬಂದರೆ ಆ ದಿನ ಮತ್ತೆ ಐಸ್‌ಗೆ ಇಳಿಯುವಂತಿಲ್ಲ. ಫೈನಲ್ ಆದರೂ ಅಷ್ಟೇ. ವಾಂತಿ ನಿಲ್ಲದಿದ್ದರೆ, ತಲೆನೋವು ಏರುತ್ತಲೇ ಹೋದರೆ, ಮಂಪರು ಹಿಡಿದರೆ ನೇರ ಆಸ್ಪತ್ರೆಗೆ. ಉಳಿದಂತೆ ಒಂದೆರಡು ದಿನ ಆರಾಮ, ಮೊದಲು ಶಾಲೆಗೆ ವಾಪಸ್, ಆಮೇಲೆ ಮೆಟ್ಟಿಲು ಮೆಟ್ಟಿಲಾಗಿ ಆಟಕ್ಕೆ. ಡಿಕ್ಕಿಯ ತರಬೇತಿಗೆ ಇಳಿಯುವ ಮೊದಲು ಡಾಕ್ಟರ್ ಒಪ್ಪಬೇಕು. ತಂಡದಲ್ಲಿ ಜಾಗ ಕಳೆದುಕೊಳ್ಳುವ ಭಯದಲ್ಲಿರುವ ಹುಡುಗನೇ ತಲೆನೋವು ಮುಚ್ಚಿಡುವುದು.

ಕೊನೆಯದಾಗಿ, ಇಷ್ಟುದ್ದದ ಪತ್ರದಲ್ಲಿ ಅತ್ತೆಯವರ ಮಾತಿದೆ, ಯಜಮಾನರ ಮನಸ್ಸಿದೆ, ಸಲಹೆಗಾರರ ಫೋನಿದೆ. ಹುಡುಗ ಏನಂದ ಅಂತ ಒಂದು ಸಾಲೂ ಇಲ್ಲ. ತರಬೇತಿ ಮುಗಿಸಿ ಕಾರಿನಲ್ಲಿ ಬರುವಾಗ ಕೇಳಿ. ಎದುರುಬದುರು ಕೂತರೆ ಈ ವಯಸ್ಸಿನವರು ಬಾಯಿ ಬಿಡುವುದಿಲ್ಲ, ಕತ್ತಲ ರಸ್ತೆ ನೋಡುತ್ತಾ ಹೇಳುತ್ತಾರೆ. ‘ಹೋಗ್ತೀಯಾ’ ಅಂತ ಕೇಳಬೇಡಿ. ‘ಇವತ್ತು ಯಾವ ಹೊತ್ತಲ್ಲಿ ಖುಷಿಯಾಯ್ತು’ ಅಂತ ಕೇಳಿ. ಒಂದೆರಡು ವಾರ ಸುಮ್ನೆ ಕೇಳಿಸಿಕೊಳ್ಳಿ. ಬಾಗಿಲ ಚೌಕಟ್ಟಿನ ಮೇಲೆ ಪೆನ್ಸಿಲ್‌ನಲ್ಲಿ ಇವತ್ತಿನ ಎತ್ತರ ಗುರುತು ಹಾಕಿ, ಬೆಳಿಗ್ಗೆ, ಬರಿಗಾಲಲ್ಲಿ. ತಿಂಗಳಿಗೊಮ್ಮೆ ಅಳೆದು ತಾರೀಕು ಬರೆಯಿರಿ. ಶಾಲೆಯ ಅರ್ಜಿಯ ಕೊನೆಯ ದಿನಕ್ಕೆ ಹತ್ತು ದಿನ ಮೊದಲು ಆ ಅಳತೆ, ಮಂಡಿ ನೋಡಿದವರ ಮಾತು, ಹುಡುಗನ ಉತ್ತರ, ಮೂರನ್ನೂ ನನಗೆ ಬರೆದು ಕಳಿಸಿ.